ನಾಲ್ವರ ಪ್ರಾಜೆಕ್ಟು, ಒಬ್ಬಳ ಜಾಗರಣೆ

ಆಗಸ್ಟ್ ತಿಂಗಳು ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹಲವು ಮನೆಗಳಲ್ಲಿ ತೂಕದ ಗಲಾಟೆ ಶುರುವಾಗುತ್ತದೆ. ಮಗನೋ ಮಗಳೋ ಇಂಗ್ಲೆಂಡಿಗೆ, ಐರ್ಲೆಂಡಿಗೆ, ಜರ್ಮನಿಗೆ ಓದಲು ಹೊರಟಿರುತ್ತಾರೆ. ವಿಮಾನದವರು ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ಒಪ್ಪುವುದು 23 ಕಿಲೋ. ಅದರೊಳಗೆ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಾರಿನ ಪುಡಿ, ಪ್ರೆಶರ್ ಕುಕ್ಕರು, ಚಳಿಗೆ ಜಾಕೀಟು ಎಲ್ಲ ಹಿಡಿಯಬೇಕು. ತಕ್ಕಡಿಯ ಮುಳ್ಳು ಗೆರೆ ದಾಟಿತೋ, ಮೊದಲು ಹೊರಗೆ ಬರುವುದು ಯಾವುದು ಹೇಳಿ? ಉಪ್ಪಿನಕಾಯಿಯಂತೂ ಅಲ್ಲ. ಮಗಳು ಬಟ್ಟೆಯ ಅಡಿಯಲ್ಲಿ ಮೆಲ್ಲನೆ ಸೇರಿಸಿದ್ದ ಎರಡು ಕಥೆ ಪುಸ್ತಕ! "ಅದೆಲ್ಲ ಎಂತಕೆ? ಅಲ್ಲಿ ಓದಲಿಕ್ಕೆ ರಾಶಿ ಇರ್ತದೆ" ಎನ್ನುತ್ತಾರೆ ಅಪ್ಪ. ಅವರ ಮಾತಿನಲ್ಲಿ ಸುಳ್ಳಿಲ್ಲ. ಅಲ್ಲಿ ಓದಲು ರಾಶಿ ಇರುವುದರಿಂದಲೇ ಆ ಎರಡು ಪುಸ್ತಕ ಬೇಕಾಗುತ್ತದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ, ಮಗಳಿಗೂ ಗೊತ್ತಿರುವುದಿಲ್ಲ.

ಹೋದವರು ರಜೆಯಲ್ಲಿ ಊರಿಗೆ ಬಂದಾಗ ಮಾತಾಡಿಸಿ ನೋಡಿದ್ದೇನೆ. ಚಳಿ, ಊಟ, ಬಾಡಿಗೆ ಇವುಗಳ ದೂರು ಎಲ್ಲರದ್ದೂ ಉಂಟು. ಅವುಗಳ ಬಗ್ಗೆ ಏಜೆಂಟರು, ಮೊದಲೇ ಹೋದ ಗೆಳೆಯರು ಎಲ್ಲರೂ ಎಚ್ಚರಿಸಿರುತ್ತಾರೆ. ಯಾರೂ ಎಚ್ಚರಿಸದ ಎರಡು ಸಂಗತಿಗಳು ಮಾತ್ರ ಸ್ವಲ್ಪ ಹೊತ್ತು ಕಳೆದ ಮೇಲೆ ಹೊರಬೀಳುತ್ತವೆ. ಒಂದು, 'ಗ್ರೂಪ್ ಪ್ರಾಜೆಕ್ಟ್' ಎಂಬ ಸಂಕಟ. ಇನ್ನೊಂದು, "ಒಂದು ವರ್ಷದಲ್ಲಿ ಒಂದೇ ಒಂದು ಕಥೆ ಓದಲಿಲ್ಲ" ಎಂಬ ನಾಚಿಕೆ. ಎರಡೂ ಒಂದೇ ಉಸಿರಿನಲ್ಲಿ ಬರುವುದನ್ನು ನಾನು ಮತ್ತೆ ಮತ್ತೆ ಕೇಳಿದ್ದರಿಂದ ಇವಕ್ಕೆ ನಂಟಿದೆ ಎಂಬ ಗುಮಾನಿ ನನ್ನದು.

ಮೊದಲು ಗ್ರೂಪ್ ಪ್ರಾಜೆಕ್ಟ್ ಎಂದರೇನೆಂದು ಹೆತ್ತವರಿಗೆ ಹೇಳಬೇಕು. ನಮ್ಮಲ್ಲಿ ಮಾರ್ಕು ಎಂದರೆ ಒಬ್ಬನ ಸ್ವಂತ ಆಸ್ತಿ. ಪಿಯುಸಿಯಲ್ಲಿ ಎಷ್ಟು, ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕು ಎಂಬ ಲೆಕ್ಕದಲ್ಲಿ ಪಕ್ಕದವನಿಗೆ ಪಾಲಿಲ್ಲ. ಹೊರದೇಶದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ, ಅದರಲ್ಲೂ ಮ್ಯಾನೇಜ್‌ಮೆಂಟ್, ಎಂಜಿನಿಯರಿಂಗ್, ಕಂಪ್ಯೂಟರ್ ವಿಭಾಗಗಳಲ್ಲಿ, ಹಾಗಲ್ಲ. ನಾಲ್ಕೈದು ಮಂದಿಯ ಗುಂಪನ್ನು ಅಧ್ಯಾಪಕರೇ ಮಾಡಿ ಒಂದು ಕೆಲಸ ಕೊಡುತ್ತಾರೆ. ಎಲ್ಲರೂ ಸೇರಿ ವರದಿ ಬರೆಯಬೇಕು, ತರಗತಿಯ ಮುಂದೆ ನಿಂತು ವಿವರಿಸಬೇಕು. ಕೊನೆಗೆ ಸಿಗುವ ಅಂಕ ಬಹಳ ಕಡೆ ಎಲ್ಲರಿಗೂ ಒಂದೇ. ನೀವು ಹತ್ತು ರಾತ್ರಿ ನಿದ್ದೆಗೆಟ್ಟಿರಲಿ, ಪಕ್ಕದವನು ಹತ್ತು ನಿಮಿಷವೂ ಕೂತಿರದೆ ಇರಲಿ!

ನನ್ನ ಸ್ನೇಹಿತರ ಮಗಳೊಬ್ಬಳು ಬೈಂದೂರಿನ ಕಡೆಯಿಂದ ಇಂಗ್ಲೆಂಡಿನ ಒಂದು ವಿಶ್ವವಿದ್ಯಾನಿಲಯಕ್ಕೆ ಸ್ನಾತಕೋತ್ತರ ಓದಿಗೆಂದು ಹೋದಳು. ಅಲ್ಲಿನ ಸ್ನಾತಕೋತ್ತರ ಪದವಿ ಹೆಚ್ಚಾಗಿ ಒಂದೇ ವರ್ಷದ್ದು. ತೇರ್ಗಡೆಗೆ 50, ಮೆರಿಟ್‌ಗೆ 60, ಡಿಸ್ಟಿಂಕ್ಷನ್‌ಗೆ 70 ಅಂಕ. (ಇಲ್ಲಿ 95 ತಂದವಳು ಅಲ್ಲಿ 62 ತಂದರೆ ಅಪ್ಪ ಅಮ್ಮ ಹೌಹಾರಬೇಕಾಗಿಲ್ಲ ಎಂದು ಈ ಲೆಕ್ಕ ಹೇಳಿದೆ.) ಅವಳ ಗುಂಪಿನಲ್ಲಿ ಒಟ್ಟು ನಾಲ್ವರು. ಒಬ್ಬಾತ ನೈಜೀರಿಯಾದವರು, ಸಂಸಾರಸ್ಥರು, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುವವರು. ಒಬ್ಬಳು ಚೀನಾದ ಹುಡುಗಿ, ಸಭೆಯಲ್ಲಿ ತುಟಿ ಬಿಚ್ಚದವಳು. ಇನ್ನೊಬ್ಬ ನಮ್ಮ ದೇಶದವನೇ. ಮಾತಿನಲ್ಲಿ ಮುಂದು, ವಾಟ್ಸ್‌ಆ್ಯಪಿನಲ್ಲಿ ಹೆಬ್ಬೆಟ್ಟಿನ ಗುರುತು ಒತ್ತುವುದರಲ್ಲಿ ಇನ್ನೂ ಮುಂದು.

ಆರು ವಾರದ ಕೆಲಸ. ಮೊದಲ ಸಭೆಯಲ್ಲಿ ನಕ್ಕು ಮಾತಾಡಿ ಕಾಫಿ ಕುಡಿದು ಎದ್ದರು. ಎರಡನೆಯ ಸಭೆಗೆ ಇಬ್ಬರು ಬಂದರು. ಮೂರನೆಯದು ನಡೆಯಲೇ ಇಲ್ಲ. ಒಪ್ಪಿಸುವ ಹಿಂದಿನ ರಾತ್ರಿ ನಮ್ಮ ದೇಶದವನಿಂದ ಎರಡು ಪುಟ ಬಂತು. ಓದಿದರೆ ಅದು ಮನುಷ್ಯ ಬರೆದದ್ದೇ ಅಲ್ಲ, ಚಾಟ್‌ಜಿಪಿಟಿಯಿಂದ ಎತ್ತಿ ಹಾಕಿದ್ದು. ಅದನ್ನು ಹಾಗೆಯೇ ಬಿಟ್ಟರೆ ನಾಲ್ವರ ಮೇಲೂ ಕ್ರಮ. ಹುಡುಗಿ ಬೆಳಗಿನ ಐದರವರೆಗೆ ಕೂತು ಆ ಪುಟಗಳನ್ನು ಹೊಸದಾಗಿ ಬರೆದಳು. ಬಂದದ್ದು 58. ಮೆರಿಟ್ಟಿಗೆ ಎರಡು ಕಡಿಮೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳ್ರೆ ಅವ್ರಿಗ್ ಬೇಜಾರಾತ್ತ್ ಅಂದೇಳಿ ಸುಮ್ನಿದ್ದೆ ಮಾವ" ಎಂದಳು.

ಈ ಒಂದು ವಾಕ್ಯದಲ್ಲಿ ನಮ್ಮ ಊರಿನ ಸಾಕಣೆಯೇ ಉಂಟು. ಅದಕ್ಕೆ ಆಮೇಲೆ ಬರೋಣ.

ಹಗ್ಗ ಎಳೆಯುವ ಲೆಕ್ಕ

ಗುಂಪಿನಲ್ಲಿ ಸೇರಿದೊಡನೆ ಮನುಷ್ಯ ಯಾಕೆ ಮೈಗಳ್ಳನಾಗುತ್ತಾನೆ? ಇದು ಇಂದಿನ ಹುಡುಗರ ಕೆಟ್ಟ ಚಾಳಿ ಎಂದು ತಳ್ಳಿಹಾಕುವ ಹಾಗಿಲ್ಲ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರ್ ಇದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆತ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದ. ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆಯುವಾಗಿನ ಬಲ ನೂರು ಎಂದಿಟ್ಟುಕೊಳ್ಳಿ. ಇಬ್ಬರು ಸೇರಿದಾಗ ತಲಾ 93ಕ್ಕೆ ಇಳಿಯಿತು, ಮೂವರಾದಾಗ 85ಕ್ಕೆ. ಎಂಟು ಜನ ಸೇರಿದಾಗ ಪ್ರತಿಯೊಬ್ಬನೂ ಹಾಕಿದ್ದು ತನ್ನ ಬಲದ ಅರ್ಧದಷ್ಟು ಮಾತ್ರ!

ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದೂ ಇದಕ್ಕೆ ಕಾರಣ ಎಂದು ರಿಂಗೆಲ್‌ಮನ್ ಹೇಳಿದ್ದ. ಅಷ್ಟೇ ಕಾರಣವೇ? 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲಟಾನೆ, ವಿಲಿಯಮ್ಸ್ ಮತ್ತು ಹಾರ್ಕಿನ್ಸ್ ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗು ಹಾಕಿಸಿ ಪರೀಕ್ಷಿಸಿದರು. ಜೊತೆಗೆ ಬೇರೆಯವರೂ ಕೂಗುತ್ತಿದ್ದಾರೆ ಎಂದು ನಂಬಿದೊಡನೆ ಒಬ್ಬೊಬ್ಬನ ಕೂಗು ತಗ್ಗಿತು. ಮುಂದಿನ ಪ್ರಯೋಗಗಳಲ್ಲಿ ಅವರು ಇನ್ನೊಂದನ್ನು ಕಂಡರು. ಯಾರು ಎಷ್ಟು ಕೂಗುತ್ತಾರೆ ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ ಎಂದು ಗೊತ್ತಾದರೆ ಈ ಕಳ್ಳಾಟ ನಿಲ್ಲುತ್ತದೆ. ನಮ್ಮ ಹುಡುಗಿಗೆ ಬೇಕಾಗಿದ್ದ ಔಷಧಿ ಇದೇ.

ಹಗ್ಗದ ಮಾತು ಬಂದಾಗ ನಮ್ಮ ಕಡಲತಡಿಯ ರಂಪಣಿ ನೆನಪಾಗದೆ ಇರುತ್ತದೆಯೇ? ಮರವಂತೆಯಲ್ಲೋ ಕೋಡಿಯಲ್ಲೋ ರಂಪಣಿ ಎಳೆಯುವುದನ್ನು ಹಿರಿಯರು ನೋಡಿಯೇ ಇರುತ್ತಾರೆ. ದೋಣಿಯಲ್ಲಿ ಬಲೆ ಒಯ್ದು ಅರ್ಧ ವೃತ್ತಾಕಾರವಾಗಿ ಬಿಟ್ಟುಬರುತ್ತಾರೆ. ಎರಡು ತುದಿಯ ಹಗ್ಗ ದಡದ ಮೇಲೆ. ಸಾಲಾಗಿ ನಿಂತ ಹತ್ತಾರು ಮಂದಿ ಒಂದೇ ತಾಳಕ್ಕೆ ಎಳೆಯಬೇಕು. ಒಂದು ಬದಿ ಸೋತರೆ ಬಂಗುಡೆ, ಬೂತಾಯಿ ಎಲ್ಲ ಆ ಬದಿಯಿಂದ ಪಾರು. ಸಿಕ್ಕಿದ ಮೀನಿನ ಹಣ ಪಾಲಾಗುತ್ತಿತ್ತು. ಇದೂ ಗುಂಪಿನ ಕೆಲಸವೇ, ಇಲ್ಲೂ ಪಾಲೇ. ಆದರೆ ವ್ಯತ್ಯಾಸ ನೋಡಿ. ಹಗ್ಗ ಹಿಡಿದವನ ತೋಳು ಹಿಂದೆ ನಿಂತವನಿಗೆ ಕಾಣುತ್ತದೆ. ಬಾರದವನ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಕಳ್ಳಾಟಕ್ಕೆ ಮರೆಯೇ ಇಲ್ಲ. ದೊಡ್ಡ ರಂಪಣಿಗಳು 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳ ಎದುರು ಸೋತು ಹಿಂದೆ ಸರಿದವು. ಈಗ ಅಲ್ಲಲ್ಲಿ ಕಾಣುವುದು ಕೈರಂಪಣಿ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರ ತೋಳೂ ಕಾಣುವುದಿಲ್ಲ. ಅದನ್ನು ಕಾಣುವ ಹಾಗೆ ಮಾಡುವುದೇ ಕೆಲಸ. ಮೊದಲ ದಿನವೇ ಯಾವ ಭಾಗ ಯಾರದ್ದು, ಯಾವ ತಾರೀಕಿನೊಳಗೆ ಎಂದು ಪಟ್ಟಿ ಬರೆದು ಎಲ್ಲರಿಗೂ ಕಳಿಸಬೇಕು. ವರದಿಯನ್ನು ಎಲ್ಲರೂ ಒಟ್ಟಿಗೆ ತೆರೆಯಬಲ್ಲ ಗೂಗಲ್ ಡಾಕ್ಸ್‌ನಂಥ ಕಡತದಲ್ಲಿ ಬರೆದರೆ ಯಾರು, ಯಾವಾಗ, ಎಷ್ಟು ಬರೆದರು ಎಂಬುದು ಅದರ ಹೊಟ್ಟೆಯಲ್ಲೇ ದಾಖಲಾಗಿರುತ್ತದೆ. ಪ್ರತಿ ಸಭೆ ಮುಗಿದ ಮೇಲೆ ನಾಲ್ಕು ಸಾಲಿನ ಟಿಪ್ಪಣಿಯನ್ನು ಇ-ಮೇಲ್‌ನಲ್ಲಿ ಹಾಕಬೇಕು. ನಮ್ಮ ಸೊಸೈಟಿಗಳ ಮಹಾಸಭೆಯಲ್ಲಿ ನಡಾವಳಿ ಬರೆಯುವುದಿಲ್ಲವೇ, ಹಾಗೆ. ಗುಂಪಿನವರೇ ಪರಸ್ಪರ ಮೌಲ್ಯಮಾಪನ ಮಾಡಿ, ಅದರ ಪ್ರಕಾರ ಅಂಕ ಹೆಚ್ಚುಕಡಿಮೆ ಮಾಡುವ ಕ್ರಮವೂ ಹಲವು ಕಡೆ ಉಂಟು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ 'ವೆಬ್‌ಪಿಎ' ಎಂಬ ತಂತ್ರಾಂಶ ರೂಪುಗೊಂಡಿತು. ನಿಮ್ಮ ಕೋರ್ಸಿನಲ್ಲಿ ಅಂಥ ಕ್ರಮ ಇದೆಯೇ ಎಂದು ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ. ದೂರು ಕೊಡುವುದಿದ್ದರೆ ಕೆಲಸ ನಡೆಯುತ್ತಿರುವಾಗಲೇ ಕೊಡಬೇಕು. ಅಂಕ ಬಂದ ಮೇಲೆ ಹೇಳಿದರೆ, "ಆಗಲೇ ಏಕೆ ಬರಲಿಲ್ಲ?" ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಬಾಯಿ ಬಿಡದ ಜಾಣರು

ಇನ್ನು ಆ 'ಬೇಜಾರಿ'ನ ವಿಷಯ. ನಮ್ಮ ಮಕ್ಕಳು ಜಾಣರು, ಸಂಶಯವಿಲ್ಲ. ಆದರೆ ಎದುರಿಗಿರುವವನಿಗೆ "ನಿನ್ನ ಕೆಲಸ ಆಗಿಲ್ಲ" ಎಂದು ಮುಖ ನೋಡಿ ಹೇಳುವುದನ್ನು ನಾವು ಅವರಿಗೆ ಎಲ್ಲಿ ಕಲಿಸಿದ್ದೇವೆ? ಹೇಳದೆ ನುಂಗಿಕೊಂಡು, ಎಲ್ಲವನ್ನೂ ತಾನೇ ಮಾಡಿ, ಆಮೇಲೆ ಮನೆಗೆ ಫೋನ್ ಮಾಡಿ ಅಳುವುದೇ ಒಳ್ಳೆಯತನ ಎಂದು ಅವರು ತಿಳಿದಿದ್ದಾರೆ.

ಎಲ್ಲ ಸಲವೂ ನಮ್ಮ ಮಕ್ಕಳೇ ಪಾಪದವರು ಎಂದೂ ತಿಳಿಯಬೇಕಾಗಿಲ್ಲ. ಪಿಯುಸಿ ಪ್ರಯೋಗಾಲಯವನ್ನು ನೆನಪಿಸಿಕೊಳ್ಳಿ. ಒಂದು ಮೇಜಿಗೆ ನಾಲ್ವರು. ಬ್ಯೂರೆಟ್ ಹಿಡಿಯುವವನು ಒಬ್ಬ, ರೀಡಿಂಗ್ ನಕಲು ಮಾಡುವವರು ಮೂವರು. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತರುವವರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆ ಮೂವರಲ್ಲಿ ಒಬ್ಬ ಲಂಡನ್ನಿಗೆ ಹೋದೊಡನೆ ಬದಲಾಗುತ್ತಾನೆಯೇ? ಅಲ್ಲಿ ಅವನನ್ನು ಹೊತ್ತುಕೊಂಡು ನಡೆಯುವವಳು ಯಾವುದೋ ದೇಶದ ಹುಡುಗಿ. ಅವಳೂ ತನ್ನ ಊರಿಗೆ ಫೋನ್ ಮಾಡಿ ಅಳುತ್ತಿರಬಹುದು.

ಬೈಂದೂರಿನ ಹುಡುಗಿಗೆ ನಂತರ ತಿಳಿದದ್ದು ಇನ್ನೂ ಒಂದು ಉಂಟು. ಚೀನಾದ ಹುಡುಗಿ ತನ್ನ ಭಾಗವನ್ನು ಮೂರನೆಯ ವಾರದಲ್ಲೇ ಬರೆದಿಟ್ಟಿದ್ದಳಂತೆ. ತನ್ನ ಇಂಗ್ಲಿಷ್ ಸರಿಯಿಲ್ಲವೆಂಬ ಅಳುಕಿನಿಂದ ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ! ನೈಜೀರಿಯಾದವರು ಸಭೆಗೆ ಬಾರದಿದ್ದದ್ದು ಸಭೆಯನ್ನು ಬೆಳಿಗ್ಗೆ ಒಂಬತ್ತಕ್ಕೆ ಇಟ್ಟದ್ದರಿಂದ. ರಾತ್ರಿ ಪಾಳಿ ಮುಗಿಸಿದವರು ಮಲಗುವ ಹೊತ್ತು ಅದು. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ದುಡಿಯಬಹುದು. ಆ 20 ಗಂಟೆ ಯಾರದ್ದು ಯಾವಾಗ ಎಂದು ಮೊದಲೇ ಕೇಳಿಕೊಂಡಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ. ನಾಲ್ವರಲ್ಲಿ ನಿಜವಾದ ಮೈಗಳ್ಳ ಒಬ್ಬನೇ. ಉಳಿದ ಮೂವರೂ ಸಂಕೋಚದವರು.

ವಿಚಿತ್ರವೆಂದರೆ ವಿರೋಧಿಸುವ ವಿದ್ಯೆ ನಮ್ಮ ಊರಿಗೆ ಹೊಸದೇನೂ ಅಲ್ಲ. ತಾಳಮದ್ದಲೆಯಲ್ಲಿ ಕೃಷ್ಣನ ಅರ್ಥಧಾರಿ ಹೇಳಿದ್ದಕ್ಕೆಲ್ಲ ಕೌರವನ ಅರ್ಥಧಾರಿ ಹೂಂಗುಟ್ಟಿದರೆ ಕೇಳಲು ಯಾರು ಕೂರುತ್ತಾರೆ? ಅಲ್ಲಿ ಮಾತಿಗೆ ಮಾತು ಎದುರಾಗಬೇಕು, ಆದರೆ ಪ್ರಸಂಗ ಕೆಡಬಾರದು, ಭಾಗವತರ ಪದ್ಯದ ಹೊತ್ತಿಗೆ ಇಬ್ಬರೂ ಒಂದು ನೆಲೆಗೆ ಬಂದು ನಿಲ್ಲಬೇಕು. ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಹೊರದೇಶದ ಅಧ್ಯಾಪಕರು 'ಚರ್ಚೆ' ಎಂದು ಕೇಳುವುದು ಇದನ್ನೇ. ಮಂದಾರ್ತಿ, ಸಾಲಿಗ್ರಾಮದ ಸುತ್ತಮುತ್ತ ಬೆಳೆದ ಹುಡುಗರು ಇದನ್ನು ಪುಸ್ತಕದಿಂದ ಕಲಿಯಬೇಕಾಗಿ ಬಂದಿರುವುದು ವಿಪರ್ಯಾಸ. ಪಿಯುಸಿಯ ಎರಡು ವರ್ಷ ಆಟ, ಕೂಟ, ಕಥೆ ಪುಸ್ತಕ ಎಲ್ಲವನ್ನೂ ಅಟ್ಟಕ್ಕೇರಿಸುತ್ತೇವಲ್ಲ, ಅದರ ಬಾಕಿ ಅಲ್ಲಿ ತೀರಿಸಬೇಕಾಗುತ್ತದೆ.

ನೆಲಮಾಳಿಗೆಯ ಪುಸ್ತಕ

ಆ 58ರ ನಂತರ ಹುಡುಗಿ ಮಂಕಾದಳು. ತರಗತಿಗೆ ಬೇಕಾದ ಲೇಖನಗಳನ್ನು ಓದುತ್ತಿದ್ದಳು. ಉಳಿದ ಹೊತ್ತು ಮೊಬೈಲಿನಲ್ಲಿ ಬೆರಳಾಡಿಸುವುದು. ನವೆಂಬರಿನಲ್ಲಿ ಅಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಹೋದಳು. ಬಿಸಿಬೇಳೆ ಭಾತಿನ ಆಸೆಗೆ ಹೋದದ್ದು ಎಂದು ಅವಳೇ ಹೇಳಿದ್ದಾಳೆ. ಅಲ್ಲಿ ಬಹಳ ವರ್ಷದಿಂದ ನೆಲೆಸಿದ ಡಾಕ್ಟರ ಕುಟುಂಬವೊಂದು ಇವಳು ಯಾವ ಕಡೆಯವಳೆಂದು ಕೇಳಿತು. ಬೈಂದೂರು ಎಂದದ್ದೇ ತಡ, ಮನೆಗೆ ಕರೆದು ಒಂದು ಹಳೆಯ ಪುಸ್ತಕ ಕೈಗಿತ್ತಿತು. ಕೋಟ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'.

1940ರ ದಶಕದ ಆರಂಭದಲ್ಲಿ ಬಂದ ಈ ಕಾದಂಬರಿ ನಡೆಯುವುದು ಕೋಟದ ಸುತ್ತಿನ ಕಡಲತಡಿಯಲ್ಲಿ, ಇಂದಿನ ಬ್ರಹ್ಮಾವರ ತಾಲ್ಲೂಕಿನ ನೆಲದಲ್ಲಿ. ಮೂರು ತಲೆಮಾರಿನ ಕಥೆ. ಓದಲೆಂದು ಮನೆಬಿಟ್ಟು ಹೋದ ಮಕ್ಕಳ ಕಥೆಯೂ ಹೌದು. ಪೇಟೆಯ ಶಾಲೆಗೆ ಹೋದ ಲಚ್ಚ ಕೆಟ್ಟು ಹೋಗುತ್ತಾನೆ. ಅವನ ಮಗ ರಾಮ ಮದರಾಸಿಗೆ ಹೋಗಿ ಓದುತ್ತಾನೆ, ಬಹಳ ಅಲೆದು ಕೊನೆಗೆ ಮಣ್ಣಿಗೆ ಮರಳುತ್ತಾನೆ. ಅಂದಿನವರಿಗೆ ಮದರಾಸೇ ಲಂಡನ್! ಮಂಗಳೂರನ್ನೂ ಹೊರದೇಶ ಎಂದು ತಿಳಿದ ಕಾಲ ಅದು. ಮಗನ ಓದಿಗೆ ಮನೆಯವರು ಕಟ್ಟಿಕೊಂಡ ಆಸೆ, ಅದರ ಭಾರ, ಕಾಗದದಲ್ಲಿ ಹೇಳದೆ ಉಳಿದದ್ದು ಎಲ್ಲವೂ ಅದರಲ್ಲಿ ಉಂಟು. ಬ್ಯಾಂಕಿನ ಶಿಕ್ಷಣ ಸಾಲ ಬೆನ್ನ ಮೇಲಿರುವ ಹುಡುಗಿಗೆ ಅದು ಹಳೆಯ ಕಥೆಯಾಗಿ ಕಾಣಲಿಲ್ಲ.

ದಿನಕ್ಕೆ ಒಂದು ಗಂಟೆ, ರಾತ್ರಿ ಊಟವಾದ ಮೇಲೆ, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು ಓದಿದಳಂತೆ. "ಆ ಒಂದು ಗಂಟೆಗೆ ಯಾರ ಒಪ್ಪಿಗೆಯೂ ಬೇಡ, ಯಾರ ಮೆಸೇಜಿಗೂ ಕಾಯುವುದು ಬೇಡ. ಕೊನೆಗೆ ಮಾರ್ಕೂ ಇಲ್ಲ" ಎಂದಳು. ನನ್ನ ಗುಮಾನಿಗೆ ಉತ್ತರ ಸಿಕ್ಕಿದ್ದು ಇಲ್ಲೇ. ಹಗಲಿಡೀ ನಾಲ್ವರ ಇಷ್ಟಕ್ಕೆ ಸಿಕ್ಕಿಕೊಂಡವಳಿಗೆ ಒಬ್ಬಳದೇ ಆದ ಒಂದು ಕೆಲಸ ಬೇಕು. ಅದಿಲ್ಲದಿದ್ದರೆ ಗುಂಪಿನ ಪ್ರತಿಯೊಂದು ಸಣ್ಣ ಸೋಲೂ ಪ್ರಳಯವಾಗಿ ಕಾಣುತ್ತದೆ. ಕಾದಂಬರಿ ಓದಿದ್ದರಿಂದ ಅಂಕ ಹೆಚ್ಚಿತು ಎಂದು ನಾನು ಹೇಳಲಾರೆ, ಹಾಗೆ ಹೇಳಿ ಪುಸ್ತಕ ಓದಿಸುವುದು ನನಗೆ ಇಷ್ಟವೂ ಇಲ್ಲ. ಎರಡನೆಯ ಅವಧಿಯಲ್ಲಿ ಹೊಸ ಗುಂಪು ಬಂದಾಗ ಮೊದಲ ದಿನವೇ ಪಟ್ಟಿ ಬರೆದು ಎಲ್ಲರಿಗೂ ಕಳಿಸಿದಳು, ಪಾಳಿಯ ಹೊತ್ತು ಕೇಳಿಕೊಂಡಳು. ಒಬ್ಬ ತಪ್ಪಿಸಿಕೊಂಡಾಗ ಎರಡನೆಯ ವಾರದಲ್ಲೇ ಅವನಿಗೂ ಹೇಳಿದಳು, ಅಧ್ಯಾಪಕರಿಗೂ ಹೇಳಿದಳು. ಯಾರಿಗೂ ಅಂಥ ಬೇಜಾರೇನೂ ಆಗಲಿಲ್ಲವಂತೆ!

ಪರದೇಶದಲ್ಲಿ ಪಠ್ಯದ ಹೊರಗೆ ಕೈಗೆ ಸಿಕ್ಕ ಪುಸ್ತಕ ಒಬ್ಬರ ಇಡೀ ಬಾಳನ್ನೇ ತಿರುಗಿಸಿದ ಉದಾಹರಣೆ ನಮ್ಮವರದ್ದೇ ಇದೆ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಭಾಷಾಶಾಸ್ತ್ರ ಓದಲು ಅಮೆರಿಕದ ಇಂಡಿಯಾನಾಕ್ಕೆ ಹೋದರು. 1962ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದ ಹೊಸದರಲ್ಲಿ ಒಂದು ಶನಿವಾರ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಧೂಳಿನಲ್ಲಿ ಕೈಗೆ ಬಂದದ್ದು ಉ.ವೇ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ 'ಕುರುಂತೊಗೈ', ಎರಡು ಸಾವಿರ ವರ್ಷಗಳಷ್ಟು ಹಳೆಯ ತಮಿಳು ಪ್ರೇಮಗೀತೆಗಳ ಸಂಕಲನ. ಮನೆಮಾತು ತಮಿಳಾದರೂ ಆ ಕಾವ್ಯ ಅವರಿಗೆ ದಕ್ಕಿದ್ದು ಅಲ್ಲಿ. 1967ರಲ್ಲಿ ಅದರ ಅನುವಾದಗಳು ಬಂದವು. 1973ರಲ್ಲಿ ನಮ್ಮ ವಚನಗಳ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಬಂತು. ಷಿಕಾಗೋದಲ್ಲಿದ್ದೇ ಕನ್ನಡದಲ್ಲಿ ಕವಿತೆ ಬರೆದು 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ತಂದರು. ಆ ಶನಿವಾರ ಅವರು ಬೇಕಾದ ವ್ಯಾಕರಣವನ್ನಷ್ಟೇ ತೆಗೆದುಕೊಂಡು ಮೇಲೆ ಬಂದಿದ್ದರೆ?

ಇನ್ನಷ್ಟು ಮಂದಿ ಉಂಟು. 1936ರಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋದ ವಿ.ಕೃ. ಗೋಕಾಕರಿಗೆ ಆ ಸಮುದ್ರಯಾನವೇ 'ಸಮುದ್ರ ಗೀತೆಗಳು' ಆಯಿತು. ಗಿರೀಶ ಕಾರ್ನಾಡರು ಇಂಗ್ಲಿಷ್ ಕವಿಯಾಗುವ ಕನಸು ಕಟ್ಟಿಕೊಂಡು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟವರು. ಹೊರಡುವ ಮುಂಚೆ ರಾಜಾಜಿಯವರ ಮಹಾಭಾರತ ಓದಿ, ತಮಗೇ ಆಶ್ಚರ್ಯವಾಗುವಂತೆ ಕನ್ನಡದಲ್ಲಿ 'ಯಯಾತಿ' ಬರೆದರು. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿದಾಗ ಅವರು ಇಂಗ್ಲೆಂಡಿನಲ್ಲೇ ಇದ್ದರು. ನಮ್ಮ ಘಟ್ಟದ ಮೇಲಿನ ತೀರ್ಥಹಳ್ಳಿಯ ಯು.ಆರ್. ಅನಂತಮೂರ್ತಿ 1963ರಿಂದ 1966ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿಗೆ ಕೂತವರು. ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಸಿನಿಮಾವನ್ನು ಇಂಗ್ಲಿಷ್ ಅಡಿಬರಹವಿಲ್ಲದೆ ನೋಡಿದ ಪ್ರೇರಣೆಯಿಂದ 'ಸಂಸ್ಕಾರ' ಹುಟ್ಟಿತೆಂದು ಅವರೇ ಹೇಳಿದ್ದಾರೆ. ಪ್ರಬಂಧವೂ ಮುಗಿಯಿತು, ಕಾದಂಬರಿಯೂ ಆಯಿತು. ಎಲ್ಲರೂ ಕಾದಂಬರಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ, ದೇವರೇ ಕಾಪಾಡಲಿ! ಪಠ್ಯದ ಹೊರಗೆ ಒಂದು ಕಿಟಕಿ ತೆರೆದಿಟ್ಟುಕೊಂಡವರ ಪಠ್ಯ ಹಾಳಾಗಲಿಲ್ಲ ಎಂಬುದಷ್ಟನ್ನು ಹೆತ್ತವರು ಗಮನಿಸಲಿ.

ಗೋಧಿಯ ಬೆಂಬತ್ತಿ ಹೋದ ಕನ್ನಡ

"ಅಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ?" ಎಂದು ಕೇಳುವವರಿಗೆ ಒಂದು ಸ್ವಾರಸ್ಯದ ಸಂಗತಿ. ಅಮೆರಿಕದ 'ಪಿ.ಎಲ್. 480' ಗೋಧಿ ಹಿರಿಯರಿಗೆ ನೆನಪಿರಬಹುದು. 1954ರ ಆ ಕಾಯಿದೆಯಡಿ ಅಮೆರಿಕ ನಮಗೆ ಗೋಧಿ ಮಾರಿ ಬೆಲೆಯನ್ನು ರೂಪಾಯಿಯಲ್ಲೇ ಪಡೆಯುತ್ತಿತ್ತು. ಆ ರೂಪಾಯಿಯನ್ನು ಇಲ್ಲಿಯೇ ಖರ್ಚು ಮಾಡಬೇಕು. 1962ರಿಂದ ಅದರ ಒಂದು ಪಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾನಿಲಯಗಳಿಗೆ ಹಂಚತೊಡಗಿತು. ಹಾಗೆ ಕನ್ನಡವೂ ಹಡಗು ಹತ್ತಿತು. ನಾವು ಅವರ ಗೋಧಿ ತಿಂದೆವು, ಅವರ ಕಪಾಟಿನಲ್ಲಿ ನಮ್ಮ ಕಾದಂಬರಿ ಕೂತಿತು! ಷಿಕಾಗೋದಂಥ ದೊಡ್ಡ ಗ್ರಂಥಾಲಯಗಳಲ್ಲಿ ಕನ್ನಡದ ಕಪಾಟು ಇರುವುದರ ಹಿಂದೆ ಈ ಕಥೆ ಉಂಟು.

ಜರ್ಮನಿಗೆ ಹೋಗುವವರು ಟ್ಯೂಬಿಂಗೆನ್ ಹೆಸರನ್ನು ಗುರುತಿಟ್ಟುಕೊಳ್ಳಲಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟ್ಟೆಲರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಆ ವಿಶ್ವವಿದ್ಯಾನಿಲಯ. ಅಲ್ಲಿನ ಗುಂಡರ್ಟ್ ಸಂಗ್ರಹದಲ್ಲಿ ಮಲಯಾಳದ್ದು ಹೆಚ್ಚು, ಕನ್ನಡದ್ದೂ ಉಂಟು. ಅದನ್ನು ಗಣಕದಲ್ಲಿ ಮನೆಯಿಂದಲೇ ನೋಡಬಹುದು.

ನಿಮ್ಮ ವಿಶ್ವವಿದ್ಯಾನಿಲಯದಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಬಹುತೇಕ ಕಡೆ ಇರುತ್ತದೆ. ಅದನ್ನು ಬಳಸುವ ನಮ್ಮ ವಿದ್ಯಾರ್ಥಿಗಳು ಬೆರಳೆಣಿಕೆಯವರು. ಬ್ರಿಟನ್ನಿನಲ್ಲಿ ಊರ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವಕ್ಕೆ ದುಡ್ಡಿಲ್ಲ. ಚಳಿಯಲ್ಲಿ ಬೆಚ್ಚಗೆ ಕೂರಲು ಬಿಟ್ಟಿ ಜಾಗ ಎಂಬ ಲಾಭವೂ ಸೇರಿದೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಿಂದ ಮಾತ್ರ ಪುಸ್ತಕ ಮನೆಗೆ ತರುವ ಆಸೆ ಬೇಡ. 1645ರಲ್ಲಿ ದೊರೆ ಒಂದನೆಯ ಚಾರ್ಲ್ಸನೇ ಒಂದು ಪುಸ್ತಕ ಕಳಿಸಿರೆಂದು ಕೇಳಿದಾಗ, ಇಲ್ಲೇ ಬಂದು ಓದಬೇಕೆಂಬ ನಿಯಮ ತೋರಿಸಿ ಇಲ್ಲವೆಂದರಂತೆ!

ಮನೆಯವರ ಪಾಲು

ಹಾಗೆಂದು ಎಲ್ಲವನ್ನೂ ಮಕ್ಕಳ ಮೇಲೆ ಹೊರಿಸುವಂತಿಲ್ಲ. ಸಿಇಟಿ, ನೀಟ್ ಮುಗಿಯುವವರೆಗೆ ಕಥೆ ಪುಸ್ತಕವನ್ನು ಕಳ್ಳಮಾಲಿನ ಹಾಗೆ ನೋಡಿದ ಮನೆಯಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ ಓದುವ ಹವ್ಯಾಸ ತಾನಾಗಿ ಎಲ್ಲಿಂದ ಬರಬೇಕು? 1936ರಷ್ಟು ಹಿಂದೆಯೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ಕಟ್ಟಿಕೊಟ್ಟ ಕಾರಂತರ ಊರು ಇದು. ಹೊಸಗನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ಗೋಪಾಲಕೃಷ್ಣ ಅಡಿಗರು ಹುಟ್ಟಿದ ಮೊಗೇರಿ ಇರುವುದು ಬೈಂದೂರಿನ ನೆಲದಲ್ಲಿ. ವೈದೇಹಿಯವರ ಕಥೆಗಳನ್ನು ತೆರೆದರೆ ಕುಂದಾಪುರದ ಅಡಿಗೆಮನೆಯ ಮಾತೇ ಕಿವಿಗೆ ಬೀಳುತ್ತದೆ. ಪರದೇಶದ ಬಾಡಿಗೆ ಕೋಣೆಯಲ್ಲಿ ಅದು ಯಾವ ಉಪ್ಪಿನಕಾಯಿಗೂ ಕಡಿಮೆಯಲ್ಲ. ಇವರ ಒಂದೊಂದು ಪುಸ್ತಕ ತೂಗಿದರೆ ಮುನ್ನೂರು ನಾನೂರು ಗ್ರಾಂ.

ಹಿಂದೆ ನಮ್ಮ ಕಡೆಯ ಹುಡುಗರು ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋಗುತ್ತಿದ್ದರು. ಹಗಲಿಡೀ ಲೋಟ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತವರು ಅವರು. ಆ ಪೈಕಿ ಒಬ್ಬ ಹಿರಿಯರನ್ನು ಕೆಲವು ವರ್ಷದ ಹಿಂದೆ ಕುಂದಾಪುರದಲ್ಲಿ ಕಂಡಿದ್ದೆ. ಪರೀಕ್ಷೆಗೆ ಓದಿದ್ದು ಒಂದೂ ನೆನಪಿಲ್ಲ, ಮೇಜಿನ ಮೇಲೆ ಗಿರಾಕಿ ಬಿಟ್ಟುಹೋದ ವಾರಪತ್ರಿಕೆಯ ಧಾರಾವಾಹಿ ಮಾತ್ರ ಇವತ್ತಿಗೂ ಬಾಯಿಗೆ ಬರುತ್ತದೆ ಎಂದು ನಕ್ಕರು.

ಫೋನಿನಲ್ಲಿ ನಾವು ಮಕ್ಕಳಿಗೆ ಕೇಳುವುದು ಮೂರೇ ಪ್ರಶ್ನೆ. ಊಟ ಆಯ್ತಾ, ಚಳಿ ಉಂಟಾ, ಮಾರ್ಕು ಬಂತಾ. ಮೂರಕ್ಕೂ "ಹೂಂ" ಎಂದರೆ ಮಾತು ಮುಗಿಯಿತು. ಬೈಂದೂರಿನ ಹುಡುಗಿಯ ಅಮ್ಮ ಮಾತ್ರ ಕಳೆದ ಚಳಿಗಾಲದಲ್ಲಿ ಹೊಸ ದಾರಿ ಹಿಡಿದರು. ಮಗಳು 'ಮರಳಿ ಮಣ್ಣಿಗೆ' ಓದುತ್ತಿದ್ದಾಳೆ ಎಂದು ತಿಳಿದು, ತಾವೂ ಅದನ್ನೇ ಗ್ರಂಥಾಲಯದಿಂದ ತಂದು ಮಧ್ಯಾಹ್ನದ ಹೊತ್ತು ಓದಲು ಕೂತರು. ಶಾಲೆ ಬಿಟ್ಟ ಮೇಲೆ ಅವರು ಕೈಗೆತ್ತಿಕೊಂಡ ಮೊದಲ ದಪ್ಪ ಪುಸ್ತಕವಂತೆ. ಈಗ ರಾತ್ರಿ ಹತ್ತಕ್ಕೆ, ಅಂದರೆ ಅಲ್ಲಿ ಸಂಜೆ ನಾಲ್ಕೂವರೆಗೆ, ಫೋನಿನಲ್ಲಿ ಪಾರೋತಿ, ಸರಸೋತಿಯರ ವಿಚಾರ ನಡೆಯುತ್ತದೆ. ಲಚ್ಚನಿಗೆ ಇಬ್ಬರೂ ಸೇರಿ ಬೈಯುತ್ತಾರೆ. ನಾನು ಅವರ ಮನೆಗೆ ಹೋಗಿದ್ದ ರಾತ್ರಿ ಅತ್ತಲಿಂದ ಮಗಳು ಏನೋ ಹೇಳಲು ಹೊರಟಿದ್ದಳು. ಇವರು ಅರ್ಧಕ್ಕೇ ತಡೆದರು:

"ನಾಗವೇಣಿದ್ ಈಗಳೇ ಹೇಳ್ಬೇಡ. ನಾನ್ ಅಲ್ಲಿಗ್ ಇನ್ನೂ ಬರ್ಲಿಲ್ಲ."